ಈ ಹೂವಿನ ಕಸುಬನ್ನು ಎಲ್ಲಿ ಕಲಿತಿರಿ?

ಅಂಗಡಿಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ದುಡ್ಡು ಕೊಡುವ ಹೊತ್ತಿಗೆ ಇದೇ ಪ್ರಶ್ನೆ ಕೇಳುತ್ತಾರೆ. 'ಮನೆಯ ತೋಟದಲ್ಲಿ' ಎಂದು ಒಂದೇ ಮಾತಲ್ಲಿ ಮುಗಿಸುತ್ತೇನೆ. ಚಿಕ್ಕಂದಿನಿಂದ ಹೂವೆಂದರೆ ಪ್ರಾಣ ಇರಬೇಕು ಎಂದುಕೊಂಡು ಅವರು ಹೊರಡುತ್ತಾರೆ. ಅದೂ ನಿಜವೇ. ಆದರೆ ಈ ಕಸುಬಿಗೆ ಇಳಿಯುವ ಧೈರ್ಯ ಬಂದದ್ದು ಹೂ ಕೊಯ್ಯುವ ಹದ ಗೊತ್ತಿತ್ತು ಎಂಬುದರಿಂದ.

ನಮ್ಮದು ಮೂರು ಮನೆ, ಮೂರು ತೋಟ: ಅಜ್ಜಿಯದು, ದೊಡ್ಡಪ್ಪನದು, ಅತ್ತೆಯದು. ನಡುವಿನ ಬೇಲಿ ಮಕ್ಕಳಾದ ನಮಗೆ ಲೆಕ್ಕಕ್ಕಿರಲಿಲ್ಲ.

ಅಜ್ಜಿಯ ಸಾಲುಗಳಲ್ಲಿ ಜಿನಿಯಾ ಇರುತ್ತಿತ್ತು. ಹೂವಿನಿಂದ ಒಂದು ಗೇಣು ಕೆಳಗೆ ದಂಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಬೇಕು. ಕತ್ತು ತೊನೆದಾಡಿದರೆ ಬಿಟ್ಟುಬಿಡಬೇಕು, ಕಡ್ಡಿಯ ಹಾಗೆ ಸೆಟೆದು ನಿಂತರೆ ಕೊಯ್ಯಬೇಕು. ಏಳು ವರ್ಷದವಳಿದ್ದಾಗ ಆತುರಪಟ್ಟು ಒಂದು ಕೆಂಪು ಹೂ ಕೊಯ್ದಿದ್ದೆ. ಸಂಜೆಯೊಳಗೆ ಲೋಟದ ಅಂಚಿಗೆ ತಲೆ ಹಾಕಿ ಮಲಗಿತ್ತು. ಅಜ್ಜಿ ಬೈಯಲಿಲ್ಲ. ಎರಡು ದಿನ ಬಿಟ್ಟು ಅದೇ ಗಿಡದ ಮುಂದೆ ನಿಲ್ಲಿಸಿ, 'ಈಗ ಅಲ್ಲಾಡಿಸಿ ನೋಡು ಮಗಾ' ಅಂದಳು. ಆ ಗಟ್ಟಿತನ ನನ್ನ ಬೆರಳಿಗೆ ಗೊತ್ತಾದದ್ದು ಅವತ್ತು.

ಅತ್ತೆಯದು ಡೇಲಿಯಾ. ಗುಲಾಬಿಯಾದರೆ ಹೊರಗಿನ ಎಸಳು ಸಡಿಲವಾಗುತ್ತಿದ್ದಂತೆ ಕೊಯ್ದರೂ ನೀರಿನಲ್ಲಿ ಅರಳುತ್ತದೆ. ಡೇಲಿಯಾ ಹಾಗಲ್ಲ, ಬಿಗಿ ಮೊಗ್ಗು ಕೊಯ್ದರೆ ಬಿಗಿಯಾಗಿಯೇ ಉಳಿಯುತ್ತದೆ. ಮುಕ್ಕಾಲು ಅರಳುವ ತನಕ ಅತ್ತೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ದೊಡ್ಡಪ್ಪನ ಸೇವಂತಿಗೆಯಲ್ಲಿ ಒಂದು ಸೋಜಿಗವಿತ್ತು. ಉಳಿದ ಸಾಲುಗಳೆಲ್ಲ ಮೊಗ್ಗು ಹಿಡಿದರೂ ಜಗಲಿಯ ದೀಪದ ಪಕ್ಕದ ಸಾಲು ಬರೀ ಎಲೆ ಬಿಡುತ್ತಿತ್ತು. ಗೊಬ್ಬರ ಹೆಚ್ಚಾಯಿತೇನೋ ಎಂದು ಮಣ್ಣು ಬದಲಿಸಿದರು, ಫಲವಿಲ್ಲ. ಕಾರಣ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಸೇವಂತಿಗೆಗೆ ಹೂ ಬಿಡಲು ಉದ್ದನೆಯ, ಕಡಿಯದ ಕತ್ತಲು ಬೇಕು. ಹಗಲಿರುಳಿನ ಅಳತೆ ನೋಡಿ ಗಿಡಗಳು ಹೂ ಬಿಡುವುದನ್ನು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲೇ ಬರೆದಿದ್ದರು. ಈಗ ಬೆಳೆಗಾರರು ಬೇಕೆಂದೇ ರಾತ್ರಿ ದೀಪ ಹಾಕಿ ಮೊಗ್ಗನ್ನು ತಡೆದು, ಬೇಕಾದ ವಾರಕ್ಕೆ ಹೂ ಬರುವಂತೆ ಮಾಡುತ್ತಾರೆ. ಅದನ್ನು ಓದಿದಾಗ ದೊಡ್ಡಪ್ಪ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ವ್ಯಾಪಾರ ಶುರುಮಾಡಿದ ಮೇಲೆ ಪೆಟ್ಟು ತಿನ್ನಲಿಲ್ಲವೆಂದಲ್ಲ. ಮೊದಲ ದೊಡ್ಡ ಆರ್ಡರಿನ ಕಾರ್ನೇಶನ್ ಬಕೆಟ್‌ಗಳನ್ನು ಹಣ್ಣಿನ ಬುಟ್ಟಿಯಿದ್ದ ಕೋಣೆಯಲ್ಲಿ ಇಟ್ಟಿದ್ದೆ. ಬೆಳಗಾಗುವಾಗ ಎಸಳುಗಳೆಲ್ಲ ನಿದ್ದೆಗೆ ಜಾರಿದಂತೆ ಒಳಕ್ಕೆ ಮುದುಡಿದ್ದವು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲದ ಕೆಲಸ ಅದು. ಹೂದಾನಿಯ ಹತ್ತಿರ ಅತ್ತೆ ಹಣ್ಣು ಇಡಗೊಡದಿದ್ದದ್ದು ನೆನಪಾಗಿ ಅತ್ತುಬಿಟ್ಟೆ.

ಒಯ್ದ ಹೂ ಮನೆಯಲ್ಲಿ ಎಷ್ಟು ದಿನ ಬಾಳಿತು ಎನ್ನುವುದನ್ನು ನೋಡಿಯೇ ಜನ ಮತ್ತೆ ಬರುವುದು. ಅದರಲ್ಲಿ ಬಹುಪಾಲು ಕೊಯ್ಯುವಾಗಲೇ ತೀರ್ಮಾನವಾಗಿರುತ್ತದೆ. ಅದಕ್ಕೇ ಬಿಸಿಲೇರುವ ಮೊದಲೇ ಕೊಯ್ಯುತ್ತೇನೆ. ರಾತ್ರಿಯಿಡೀ ಎಳೆದುಕೊಂಡ ನೀರು ಆಗ ದಂಟಿನಲ್ಲಿ ತುಂಬಿರುತ್ತದೆ. ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತುಹಾಕುತ್ತೇನೆ, ಕೊಳೆತರೆ ಬ್ಯಾಕ್ಟೀರಿಯಾ ಬೆಳೆದು ದಂಟಿನ ನಾಳ ಕಟ್ಟಿಕೊಳ್ಳುತ್ತದೆ.

ಇದನ್ನು ಬರೆಯುವ ಮೊದಲು ಜಿನಿಯಾ ಸಾಲಿಗೆ ಹೋಗಿ ಒಂದೊಂದೇ ದಂಟು ಅಲ್ಲಾಡಿಸಿ ಬಂದೆ. ಈ ತುದಿಯ ಎಂಟು ಗಿಡ ನಾಳೆಗೆ ಸಿದ್ಧ. ಉಳಿದವು ಇನ್ನೂ ತೊನೆಯುತ್ತಿವೆ.