ಮೈಕಿಗಿಂತ ಮೊದಲು ಮಲ್ಟಿಮೀಟರ್

ಹವ್ಯಾಸಿ ರೇಡಿಯೋ ಕಲಿಯಲು ಬರುವವರು ಯಾವ ಟ್ರಾನ್ಸ್‌ಸೀವರ್ (ಸಂಕೇತ ಕಳಿಸುವ, ಪಡೆಯುವ ಎರಡೂ ಕೆಲಸ ಮಾಡುವ ರೇಡಿಯೋ) ಕೊಳ್ಳಬೇಕೆಂದು ಕೇಳಿದರೆ, ನಾನು ಅವರ ಮುಂದೆ 9 ವೋಲ್ಟಿನ ಬ್ಯಾಟರಿ, ಕೆಂಪು ಎಲ್‌ಇಡಿ ಮತ್ತು ವಿದ್ಯುತ್ ಹರಿವಿಗೆ ಮಿತಿ ಹಾಕುವ 470 ಓಮ್‌ನ ರೆಸಿಸ್ಟರನ್ನು ಇಡುತ್ತೇನೆ. ಎಲ್‌ಇಡಿಗೆ ಸುಮಾರು 2 ವೋಲ್ಟ್ ಹೋದರೆ ಉಳಿದ 7 ವೋಲ್ಟ್ ರೆಸಿಸ್ಟರಿನ ಪಾಲು, ಅದನ್ನು 470ರಿಂದ ಭಾಗಿಸಿದರೆ ಸುಮಾರು 15 ಮಿಲಿಆಂಪಿಯರ್ ಎಂದು ಕಾಗದದಲ್ಲಿ ಲೆಕ್ಕಹಾಕಿ, ವಿದ್ಯುತ್ ಅಳೆಯುವ ಮಲ್ಟಿಮೀಟರಿನಲ್ಲೂ ಹೆಚ್ಚುಕಡಿಮೆ ಅದೇ ಅಂಕಿಯನ್ನು ಕಂಡವರಿಗೆ ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್ ಎಂಬ ಓಮ್‌ನ ನಿಯಮವನ್ನು ಮತ್ತೆ ಹೇಳಿಕೊಡಬೇಕಾಗುವುದಿಲ್ಲ.

ಬೆಸುಗೆಯ ವಿಷಯದಲ್ಲಿ ನಾನೂ ದಡ್ಡನೇ ಆಗಿದ್ದೆ. ಬೆಸುಗೆ ಕಡ್ಡಿಯ ಕಾದ ತುದಿಯಲ್ಲಿ ಸೋಲ್ಡರ್ (ಬೆಸುಗೆಯ ಲೋಹ) ಕರಗಿಸಿ ಜೋಡಣೆಯ ಮೇಲೆ ತೊಟ್ಟಿಕ್ಕಿಸುತ್ತಿದ್ದೆ. ಹೊಳಪಿಲ್ಲದ ಆ ಗುಂಡುಗಳಿಂದಾಗಿ ನನ್ನ ಮೊದಲ ರಿಸೀವರ್ ತಟ್ಟಿದಾಗ ಮಾತ್ರ ಮಾತಾಡುತ್ತಿತ್ತು. ಕಾಯಿಸಬೇಕಾದದ್ದು ತಂತಿಯನ್ನೂ ಅದು ಕೂರುವ ಬೋರ್ಡಿನ ಲೋಹದ ಪ್ಯಾಡನ್ನೂ. ಅವು ಕಾದರೆ ಸೋಲ್ಡರ್ ತಾನಾಗಿಯೇ ಹರಿಯುತ್ತದೆ.

ಆಂಟೆನಾಕ್ಕೆ ಮಾಮೂಲಿ ತಾಮ್ರದ ತಂತಿ ಸಾಕು. 143ನ್ನು ಮೆಗಾಹರ್ಟ್ಸ್‌ನಲ್ಲಿನ ಆವರ್ತನದಿಂದ ಭಾಗಿಸಿದರೆ ಅರ್ಧತರಂಗ ಡೈಪೋಲಿನ (ನಡುವಿನಿಂದ ಎರಡು ಬದಿಗೆ ಚಾಚಿದ ತಂತಿಯ ಆಂಟೆನಾದ) ಉದ್ದ ಮೀಟರುಗಳಲ್ಲಿ ಸಿಗುತ್ತದೆ, 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್, ಅಂದರೆ ಎರಡೂ ಬದಿಗೆ ಹತ್ತತ್ತು. ತುಸು ಉದ್ದವಾಗಿಯೇ ಕತ್ತರಿಸಿ, ವಿದ್ಯುತ್ ತಂತಿಗಳಿಂದ ಸಾಕಷ್ಟು ದೂರದಲ್ಲಿ ಕಟ್ಟಬೇಕು. ಪ್ರಸಾರಕ್ಕೆ ಪರವಾನಗಿ ಬೇಕಾದ್ದರಿಂದ ಅಲ್ಲಿಯವರೆಗಿನ ಸಂಜೆಗಳು ಆಲಿಸುವುದಕ್ಕೇ ಮೀಸಲು: ಬಾತುಕೋಳಿಯಂತೆ ಕೇಳುವ ಸಿಂಗಲ್ ಸೈಡ್‌ಬ್ಯಾಂಡ್ (ಹವ್ಯಾಸಿಗಳು ಮಾತಿಗೆ ಬಳಸುವ ಒಂದು ಪ್ರಸಾರ ವಿಧಾನ) ದನಿ, ಡಯಲನ್ನು ಕೂದಲೆಳೆಯಷ್ಟು ತಿರುಗಿಸಿದೊಡನೆ ಮನುಷ್ಯನ ಮಾತಾಗುತ್ತದೆ.