ಕಲ್ಲಿಗಿಂತ ಮೊದಲು ಕಡತ

ಭೂಮಿಯಾಚೆಯಿಂದ ಬಂದ ಕಲ್ಲಿನ ಮಾದರಿಗಳ ಸ್ಥಿತಿಯನ್ನು ಪರಿಶೀಲಿಸಿ ದಾಖಲಿಸುವುದು ನನ್ನ ಕೆಲಸ. ಬೇರೆ ಗ್ರಹದಿಂದ ಇದುವರೆಗೆ ಯಾವ ನೌಕೆಯೂ ಕಲ್ಲು ತಂದಿಲ್ಲವಾದ್ದರಿಂದ, ಈ ಕೆಲಸದಲ್ಲಿ ಸಿಗುವುದು ಚಂದ್ರನ ಮತ್ತು ಕ್ಷುದ್ರಗ್ರಹಗಳ ಮಾದರಿಗಳು, ಜೊತೆಗೆ ತಾವಾಗಿಯೇ ಬಿದ್ದ ಉಲ್ಕಾಶಿಲೆಗಳು. ಹೊಸದಾಗಿ ಸೇರಿದವರು ನೇರವಾಗಿ ಸೂಕ್ಷ್ಮದರ್ಶಕದತ್ತ ನಡೆಯುತ್ತಾರೆ. ನಾನು ಅವರ ಕೈಗೆ ಮೊದಲು ಕೊಡುವುದು ಮಾದರಿಯ ಕಡತವನ್ನು. ಅದು ಯಾವ ಡಬ್ಬಿಯಲ್ಲಿತ್ತು, ಯಾವ ಉಪಕರಣದಿಂದ ಒಡೆಯಲಾಯಿತು, ಎಷ್ಟು ಹೊತ್ತು ತೇವದ ಗಾಳಿಗೆ ತೆರೆದುಕೊಂಡಿತ್ತು ಎಂಬುದು ತಿಳಿಯದೆ, ಕಣ್ಣಿಗೆ ಬಿದ್ದ ಕಲೆ ಕಲ್ಲಿನದೋ ಭೂಮಿಯದೋ ಎಂದು ಹೇಳಲಾಗದು.

ಇದಕ್ಕೆ ನಾನು ಕೊಡುವ ಉದಾಹರಣೆ 1864ರಲ್ಲಿ ಫ್ರಾನ್ಸಿನಲ್ಲಿ ಬಿದ್ದ ಓರ್ಗೇಯ್ ಉಲ್ಕಾಶಿಲೆ. ಅದರೊಳಗಿನ ಬಿಳಿಯ ಸಲ್ಫೇಟ್ ಎಳೆಗಳನ್ನು ಮೂಲ ಕ್ಷುದ್ರಗ್ರಹದಲ್ಲಿ ನೀರು ಹರಿದ ಗುರುತೆಂದು ಬಹುಕಾಲ ನಂಬಲಾಗಿತ್ತು. ಆದರೆ ಕಲ್ಲು ಬಿದ್ದ ಹೊಸದರಲ್ಲಿ ಅದನ್ನು ಕಂಡು ವಿವರಿಸಿದವರು ಇಂಥ ಬಿಳಿ ಎಳೆಗಳ ಮಾತನ್ನೇ ಎತ್ತಿರಲಿಲ್ಲ. ಆ ಹಳೆಯ ವಿವರಣೆಗಳನ್ನು ಆಧರಿಸಿ, ಈ ಎಳೆಗಳು ಸಂಗ್ರಹಾಲಯದ ತೇವದಲ್ಲಿ ಬೆಳೆದವೆಂದು 2001ರ ಅಧ್ಯಯನವೊಂದು ವಾದಿಸಿತು. ಯಾರೋ ಶ್ರದ್ಧೆಯಿಂದ ಬರೆದಿಟ್ಟ ನಾಲ್ಕು ಸಾಲು ಇಲ್ಲಿ ಉಪಕರಣಗಳಷ್ಟೇ ಕೆಲಸಕ್ಕೆ ಬಂದವು.

ಕಡತದ ನಂತರ ಚೀಲದ ಸರದಿ. ಒಣ ಸಾರಜನಕ ತುಂಬಿದ, ಜೋಡಿಸಿಟ್ಟ ಕೈಗವಸುಗಳೊಳಗೆ ಕೈ ತೂರಿಸಿ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆಯಲ್ಲಿ, ಅಂದರೆ ಗ್ಲೋವ್ ಬಾಕ್ಸ್‌ನಲ್ಲಿ ಸ್ಥಾಯೀ ವಿದ್ಯುತ್ತಿನ ಕಾಟ ಹೆಚ್ಚು. ಟೆಫ್ಲಾನ್ ಚೀಲದ ಬಾಯಿ ಬಿಡಿಸಿದೊಡನೆ ನುಣ್ಣನೆಯ ಪುಡಿ ಎದ್ದು ಚೀಲದ ಒಳಮೈಗೂ ಚಿಮಟದ ತುದಿಗೂ ಮೆತ್ತಿಕೊಳ್ಳುತ್ತದೆ. ತೂಕ ಕಡಿಮೆ ಬಂದಾಗ ಮೊದಲು ಹುಡುಕಬೇಕಾದುದು ಅಲ್ಲಿ. ಸಾಗಣೆಯಲ್ಲಿ ತುಣುಕು ಮುರಿದಿದೆಯೇ ಎಂಬ ಅನುಮಾನ ಬಂದರೆ, ಚಂದ್ರನ ಕಲ್ಲುಗಳಲ್ಲಿ ಒಂದು ಅನುಕೂಲವಿದೆ: ಬಾಹ್ಯಾಕಾಶಕ್ಕೆ ತೆರೆದಿದ್ದ ಮುಖದಲ್ಲಿ ಸೂಕ್ಷ್ಮ ಉಲ್ಕೆಗಳು ಬಡಿದು ಮಾಡಿದ, ಒಳಗೆ ಗಾಜುಗಟ್ಟಿದ ಪುಟ್ಟ ಗುಳಿಗಳಿರುತ್ತವೆ, ಹೊಸದಾಗಿ ಮುರಿದ ಮುಖದಲ್ಲಿ ಅವು ಇರುವುದಿಲ್ಲ.

ವರದಿಯಲ್ಲಿ ‘ತುಕ್ಕು’ ಎಂದು ಬರೆಯಲು ನಾನು ಬಿಡುವುದಿಲ್ಲ. ‘ಒಂದು ಬದಿಯಲ್ಲಿ ಕೆಂಗಂದು ಲೇಪ, ಅಗಲ ಇಷ್ಟು, ಚಿತ್ರದ ಸಂಖ್ಯೆ ಇಂಥದು’ ಎಂದರೆ ಸಾಕು. ಅಪೊಲೊ 16 ತಂದ 66095 ಸಂಖ್ಯೆಯ ಕಲ್ಲಿನ ತುಕ್ಕು ಚಂದ್ರನಲ್ಲಿ ಆದದ್ದೋ, ಇಲ್ಲಿನ ತೇವದಿಂದ ಆದದ್ದೋ ಎಂಬ ಚರ್ಚೆ ದಶಕಗಳ ಕಾಲ ನಡೆದಿರುವಾಗ, ನಮ್ಮ ಫಾರಂನ ಒಂದು ಕಾಲಂನಲ್ಲಿ ಅದನ್ನು ತೀರ್ಮಾನಿಸುವ ಆತುರ ಏಕೆ?

ಮಂಗಳನಿಂದ ಮುಂದೊಂದು ದಿನ ಬರಬೇಕಾದ ಮಾದರಿಗಳಿಗೆ ಇಂಥ ಕಡತ ಆಗಲೇ ಶುರುವಾಗಿದೆ. ಪರ್ಸಿವಿಯರೆನ್ಸ್ ರೋವರ್ ಒಯ್ದ 43 ನಳಿಕೆಗಳಲ್ಲಿ 5 ಕಲ್ಲಿಗೆ ಮೀಸಲಲ್ಲ. ಭೂಮಿಯಿಂದ ರೋವರ್‌ನೊಂದಿಗೇ ಹೋಗಿರಬಹುದಾದ ಕಲ್ಮಶವನ್ನು ಹಿಡಿದಿಡುವುದಷ್ಟೇ ಅವುಗಳ ಕೆಲಸ.