‘ಪೋಯೆ’ಗೆ ಎಷ್ಟು ಅಂಕ?

ನಾನು ಹೈಸ್ಕೂಲಿನಲ್ಲಿ ತುಳು ಕಲಿಸುತ್ತೇನೆ, ಮೂರನೇ ಭಾಷೆಯಾಗಿ. ಘಟ್ಟದ ಮೇಲಿನ ನೆಂಟರಿಗೆ ಇದನ್ನು ಹೇಳಿದರೆ ‘ತುಳುವಿಗೂ ಪರೀಕ್ಷೆ ಇದೆಯಾ?’ ಎಂದು ಕೇಳುತ್ತಾರೆ. ಇದೆ. 2010ರಲ್ಲಿ ಆರನೇ ತರಗತಿಯಿಂದ ಪಾಠ ಶುರುವಾಯಿತು. 2015ರಲ್ಲಿ ಮೊದಲ ಸಲ ಎಸ್ಸೆಸ್ಸೆಲ್ಸಿಯಲ್ಲಿ ತುಳು ಬರೆದವರು 18 ಮಕ್ಕಳು. ಆಮೇಲೆ ಕೆಲವೇ ವರ್ಷಗಳಲ್ಲಿ ಅದು ನೂರಾರಾಯಿತು.

‘ತುಳು ತಗೊಂಡ್ರೆ ಮಾರ್ಕ್ಸ್ ಜಾಸ್ತಿ’ ಎಂದು ಸೇರಿಸುವ ತಂದೆತಾಯಿ ಇದ್ದಾರೆ. ಸೇರಿಸಲಿ, ನನಗೆ ಖುಷಿಯೇ. ನನ್ನ ಚಿಂತೆ ಬೇರೆ. 80 ಅಂಕ ಲಿಖಿತ ಪರೀಕ್ಷೆಗೆ ಹೋಗುತ್ತದೆ. ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ‘ಯಾನ್ ಪೋಯೆ’ ಅಂದರೆ ನಾನು ಹೋದೆ. ‘ಆಯೆ ಪೋಯೆ’ ಅಂದರೆ ಅವನು ಹೋದ. ಕಾಗದದ ಮೇಲೆ ಎರಡು ‘ಪೋಯೆ’ಯೂ ಒಂದೇ. ಬಾಯಲ್ಲಿ ಒಂದೇ ಅಲ್ಲ. ‘ನಾನು ಹೋದೆ’ ಎನ್ನುವ ‘ಪೋಯೆ’ಯಲ್ಲಿ ಕೊನೆಯ ‘ಎ’ಗೆ ಬಾಯಿ ಅಗಲವಾಗಬೇಕು, ಹೆಚ್ಚು ಕಡಿಮೆ ‘ಬ್ಯಾಂಕ್’ ಎನ್ನುವಾಗ ಆಗುವ ಹಾಗೆ. ಈ ವ್ಯತ್ಯಾಸ ಗೊತ್ತಿರುವ ಮಗುವಿಗೂ ಗೊತ್ತಿಲ್ಲದ ಮಗುವಿಗೂ ಉತ್ತರ ಪತ್ರಿಕೆಯಲ್ಲಿ ಒಂದೇ ಅಂಕ.

ಒಮ್ಮೆ ನಾನೇ ತಪ್ಪು ಮಾಡಿದೆ. ಕಿರುಪರೀಕ್ಷೆಯಲ್ಲಿ ಒಬ್ಬಳು ‘ನೋಡಿ’ ಎನ್ನಲು ‘ಸೂಲೆ’ ಎಂದು ಬರೆದಿದ್ದಳು. ನನ್ನ ಬಾಯಿಗೆ ಬರುವುದು ‘ತೂಲೆ’. ಕೆಂಪು ಪೆನ್ನಿನಲ್ಲಿ ಹೊಡೆದು ಅರ್ಧ ಅಂಕ ಕಳೆದೆ. ಅವಳು ಮೆಲ್ಲಗೆ ಬಂದು, ‘ಟೀಚರ್, ಎಂಕ್ಲೆನ ಇಲ್ಲಡ್ ಇಂಚನೆ ಪನ್ಪುನಿ’ ಎಂದಳು. ನಮ್ಮ ಮನೆಯಲ್ಲಿ ಹೀಗೇ ಹೇಳುವುದು ಅಂತ. ಅವಳ ಅಜ್ಜಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಕಬಿತ ಎಂಬ ಗದ್ದೆಯ ಹಾಡು ಹಾಡುತ್ತಿದ್ದವರು. ಆ ಮನೆಯ ತುಳುವನ್ನು ತಪ್ಪು ಎನ್ನಲು ನಾನು ಯಾರು? ಅವತ್ತೇ ಅರ್ಧ ಅಂಕ ವಾಪಸ್ ಕೊಟ್ಟೆ. ಆಮೇಲೆ ಯಾರ ಮನೆಯ ಮಾತಿಗೂ ಗೆರೆ ಎಳೆದಿಲ್ಲ.

ನನ್ನ ಕೈಯಲ್ಲಿರುವುದು ಆಂತರಿಕ ಮೌಲ್ಯಮಾಪನದ 20 ಅಂಕ. ಅದರ ಚಟುವಟಿಕೆಗಳಲ್ಲಿ ಆದಷ್ಟನ್ನು ಮಾತಿಗೇ ಇಡುತ್ತೇನೆ. ಆಟಿ ಅಮಾವಾಸ್ಯೆಯ ದಿನ ಇಲ್ಲಿ ಪಾಲೆ (ಹಾಲೆ) ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಈ ಸಲ ಅದು ಕಳೆದ ಮೇಲೆ ಒಂದು ಕೆಲಸ ಕೊಟ್ಟೆ: ಆ ಕಷಾಯ ಹೇಗೆ ಮಾಡಿದರು ಎಂದು ಕೇಳಿ ಬಂದು, ಚೀಟಿ ನೋಡದೆ ಎರಡು ನಿಮಿಷ ಹೇಳಬೇಕು.

ಕಬಿತದ ಅಜ್ಜಿಯ ಮೊಮ್ಮಗಳು ನಿಲ್ಲಿಸಲೇ ಇಲ್ಲ. ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯುವುದನ್ನು ಕೈಯಲ್ಲೇ ಮಾಡಿ ತೋರಿಸಿದಳು. ಕೆತ್ತೆ ಅಂದರೆ ತೊಗಟೆ. ಅವಳ ನಂತರ ಬಾಗಲಕೋಟೆ ಕಡೆಯ ಹುಡುಗ ಎದ್ದ. ಅಪ್ಪ ಇಲ್ಲಿ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸಕ್ಕಿದ್ದಾರೆ. ಅವನ ಮನೆಯಲ್ಲಿ ಕಷಾಯವೂ ಇಲ್ಲ, ತುಳುವೂ ಇಲ್ಲ. ಪಕ್ಕದ ಮನೆಗೆ ಹೋಗಿ ಕೇಳಿಕೊಂಡು ಬಂದಿದ್ದ. ತಡವರಿಸಿದ, ನಡುವೆ ಎರಡು ಕನ್ನಡ ಮಾತು ನುಸುಳಿದವು. ಆದರೂ ಮುಗಿಸಿದ.

ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು, ‘ಇಬ್ಬರಿಗೂ ಅಷ್ಟೇ ಮಾರ್ಕ್ಸಾ?’ ಹೌದು, ಇಬ್ಬರಿಗೂ ಅಷ್ಟೇ. ಅವಳು ತೊಟ್ಟಿಲಲ್ಲೇ ಪಡೆದ ಭಾಷೆಯನ್ನು ಚೆಂದವಾಗಿ ಬಳಸಿದಳು. ಅವನು ಏನೂ ಇಲ್ಲದ ಕಡೆಯಿಂದ ಹೊರಟು ಇಷ್ಟು ದೂರ ಬಂದ. ಎಲ್ಲಿಂದ ಹೊರಟದ್ದು ಎಂದು ಬರೆದಿಡದೆ ಎಷ್ಟು ಕಲಿತ ಎಂದು ಹೇಳುವುದು ಹೇಗೆ? ಅದಕ್ಕೇ ಪ್ರತಿ ಮಗುವಿಗೂ ಒಂದು ಪುಟ ಇಟ್ಟಿದ್ದೇನೆ.

ಅವನ ಪುಟದಲ್ಲಿ ಎಂಟನೇ ತರಗತಿಯ ಜೂನ್‌ನಲ್ಲಿ ಬರೆದದ್ದು: ‘ಕೇಳಿದರೆ ಸ್ವಲ್ಪ ತಿಳಿಯುತ್ತದೆ. ಮಾತಾಡುವುದಿಲ್ಲ.’ ಈಗ ಹತ್ತನೇ ತರಗತಿ. ಮೊನ್ನೆ ಸೇರಿಸಿದ್ದು: ‘ಯಾನ್ ಪೋಯೆ — ಬಾಯಿ ಸರಿಯಾಗಿ ಅಗಲವಾಯಿತು.’